ಯಾರಿಗಾತೋ?

ಗುಳೇದಗುಡ್ಡದ ಸರಕಾರಿ ಶಾಲೆಯ ನಾಲ್ಕನೇ ತರಗತಿಗೆ ಆ ವಾರವೆಲ್ಲ ಜಪಾನಿನ ಹುಚ್ಚು ಹಿಡಿದಿತ್ತು. ಖಣದ ನೇಯ್ಗೆ ನೋಡಲು ಊರಿಗೆ ಬರುವ ಹಿರೊಮಿ ಎಂಬ ಜಪಾನಿ ಹೆಂಗಸು ಶುಕ್ರವಾರ ಶಾಲೆಗೂ ಬರುತ್ತಾರೆಂದು ಗೊತ್ತಾದದ್ದೇ ತಡ, ಮಹೇಶ್ವರಿ ಅಕ್ಕೋರು ಗಣಿತದ ಪುಸ್ತಕ ಮುಚ್ಚಿಸಿ ಮಕ್ಕಳಿಂದ ಕಾಗದದ ಕೊಕ್ಕರೆ ಮಾಡಿಸಿದರು. ಸೊಂಟ ಬಗ್ಗಿಸಿ ನಮಸ್ಕರಿಸುವುದನ್ನು ಕಲಿಸಿದರು. ಎದುರಿನವರು ಬಗ್ಗಿದರೆ ನಾವೂ ಬಗ್ಗಬೇಕು ಎಂದು ಒತ್ತಿ ಹೇಳಿದರು.

ಬುಧವಾರ ಮಾತಿನ ಪಾಠ. "ಧನ್ಯವಾದಕ್ಕ ಅವರು ಅರಿಗಾತೋ ಅಂತಾರ," ಎಂದರು ಅಕ್ಕೋರು.

ನವೀದ ಎದ್ದು ನಿಂತ. "ಯಾರಿಗಾತ್ರಿ ಅಕ್ಕೋರ? ಏನಾತ್ರಿ?"

ಅಷ್ಟೇ ಸಾಕಾಯಿತು ಪದ್ಮಶ್ರೀಗೆ. ಮೊದಲೇ ನಗೆಬುರುಕಿ. ನಕ್ಕು ನಕ್ಕು ಬೆಂಚಿನ ಕೆಳಗೆ ಜಾರಿದಳು, ಬಿಕ್ಕಳಿಕೆ ಬಂತು, ನೀರು ಕುಡಿಸಿದರೆ ಆ ನೀರೂ ಮೂಗಿನಿಂದ ಬಂತು.

"ಶುಕ್ರವಾರ ನೀ ಹಿಂದಿನ ಸಾಲಿನ್ಯಾಗ ನಿಂದರು," ಎಂದರು ಅಕ್ಕೋರು. "ತುಟಿ ಪಿಟಕ್ ಅನ್ನಬಾರದು."

ಪದ್ಮಶ್ರೀಯ ಮುಖ ಸಣ್ಣದಾಯಿತು. ಎಲ್ಲರಿಗಿಂತ ಚೆಂದದ ಕೊಕ್ಕರೆ ಅವಳದೇ. ತಾನೇ ಕೈಯಾರೆ ಕೊಡಬೇಕೆಂದು ಆಸೆಯಿತ್ತು. ನಗದಿರುವುದನ್ನು ರೂಢಿ ಮಾಡಿಕೊಳ್ಳಲು ಮನೆಯ ಗೋಡೆ ನೋಡುತ್ತ ಕುಳಿತಳು. ಗೋಡೆ ನೋಡಿದರೂ ನಗು ಬಂತು.

ಶುಕ್ರವಾರ ಹಿರೊಮಿ ಬಂದರು. ನರೆತ ಕೂದಲಿನ ಪುಟ್ಟ ಹೆಂಗಸು. ಹೊಸ್ತಿಲಲ್ಲಿ ಬೂಟು ಬಿಚ್ಚಿ, ಒಳಗೆ ಬಂದು ಬಗ್ಗಿದರು. ಮೂವತ್ತೂ ಮಕ್ಕಳು ಬಗ್ಗಿದರು. ಅದಕ್ಕೆ ಅವರು ಮತ್ತೆ ಬಗ್ಗಿದರು, ಮಕ್ಕಳೂ ಮತ್ತೆ ಬಗ್ಗಿದರು. ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಆರನೇ ಸಲಕ್ಕೆ ಅಕ್ಕೋರು ಹಲ್ಲು ಕಚ್ಚಿ, "ಸಾಕ್ರಲೇ!" ಎಂದರು.

ಹಿಂದಿನ ಸಾಲಿನಲ್ಲಿ ಪದ್ಮಶ್ರೀ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದಳು. ನವೀದ ಮುಂದೆ ಹೋಗಿ ಕೊಕ್ಕರೆಗಳ ಬುಟ್ಟಿ ಕೊಟ್ಟ. ಹಿರೊಮಿ ಅದನ್ನು ಎದೆಗೊತ್ತಿಕೊಂಡು ಮೆಲ್ಲಗೆ, "ಅರಿಗಾತೋ," ಎಂದರು.

"ನಮಗಾತ್ರೀ!"

ಯಾರು ಕೂಗಿದ್ದು ಎಂದು ಪದ್ಮಶ್ರೀಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಬಾಯಿ ಅವಳದೇ. ತರಗತಿ ಹೋ ಎಂದಿತು. ಅಕ್ಕೋರ ಮುಖ ಕೆಂಪೇರಿತು. ಪದ್ಮಶ್ರೀಗೆ ನಗು ಹಾರಿ ಅಳು ಬಂತು.

ಏನಾಯಿತೆಂದು ಹಿರೊಮಿ ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕೋರು ತಡವರಿಸುತ್ತ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದರು. ಕೇಳುತ್ತ ಕೇಳುತ್ತ ಹಿರೊಮಿಯ ಭುಜ ಅಲುಗತೊಡಗಿತು. ಬಾಯಿಗೆ ಕೈ ಅಡ್ಡ ಹಿಡಿದರು, ತಡೆಯಲಾಗಲಿಲ್ಲ. ಬುಟ್ಟಿ ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತೇಬಿಟ್ಟರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಂತರ ಕೈ ಚಾಚಿ ಪದ್ಮಶ್ರೀಯನ್ನು ಕರೆದು ಮಗ್ಗುಲಲ್ಲಿ ಕೂರಿಸಿಕೊಂಡರು.

ಪದ್ಮಶ್ರೀ ಬುಟ್ಟಿಯಿಂದ ತನ್ನ ಕೊಕ್ಕರೆ ಹುಡುಕಿ ತೆಗೆದು ಅವರ ಅಂಗೈ ಮೇಲಿಟ್ಟಳು.

"ಯಾ... ರಿ... ಗಾತೋ?" ಎಂದು ಹಿರೊಮಿ ಹುಬ್ಬು ಹಾರಿಸಿದರು.

"ನಮಗಾತ್ರೀ!" ಎಂದು ತರಗತಿಯೆಲ್ಲ ಕೂಗಿತು. ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಗೆ ಕುಸಿದರು, ಅವರ ಹೊಟ್ಟೆಯೂ ಕುಣಿಯುತ್ತಿತ್ತು.

ಸಂಜೆ ಪದ್ಮಶ್ರೀ ಮನೆಗೆ ಓಡಿ ಬಂದಾಗ ಅವ್ವ ಮಗ್ಗದ ಮೇಲಿದ್ದಳು.

"ಅವ್ವಾ, ಇವತ್ತ ಸಾಲ್ಯಾಗ..." ಎಂದು ಶುರುಮಾಡಿದವಳಿಗೆ ಮುಂದಿನ ಮಾತೇ ಹೊರಡಲಿಲ್ಲ. ಕಂಬ ಹಿಡಿದು ನಗುತ್ತ ಕುಸಿದಳು.

"ಅದೇನ ಹೇಳಬಾರದೇನ, ಹುಚ್ಚಿ?" ಎಂದ ಅವ್ವ, ಏನೊಂದೂ ತಿಳಿಯದೆ ತಾನೂ ನಗತೊಡಗಿದಳು. ಮಗ್ಗ ನಿಂತಿತು.