ಬಸುರಿಯ ಸಿಟ್ಟು

ಸ್ಟೀಲಿನ ತಾಟು ಗೋಡೆಗೆ ಬಡಿದು, ಸಾರೆಲ್ಲ ಸುಣ್ಣದ ಮೇಲೆ ಇಳಿಯತೊಡಗಿದಾಗ ಶಾಹೀನ್‌ಗೇ ಹೆದರಿಕೆಯಾಯಿತು. ಬ್ಯಾಡಗಿಯ ಈ ಮನೆಗೆ ಸೊಸೆಯಾಗಿ ಬಂದ ಆರು ವರ್ಷಗಳಲ್ಲಿ ಅವಳು ಒಂದು ಲೋಟವನ್ನೂ ಸದ್ದಾಗುವಂತೆ ಇಟ್ಟವಳಲ್ಲ. ಅನ್ನ ಆರಿದೆ ಎಂದು ಗಂಡ ನಯಾಜ ಗೊಣಗಿದ್ದೇ ನೆಪ, ಕೈಯಲ್ಲಿದ್ದದ್ದು ಹಾರಿಹೋಗಿತ್ತು. ಐದು ತಿಂಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು, ಇನ್ನು ಬೈಗುಳ ಶುರುವಾಯಿತು ಎಂದು ಅತ್ತೆಯ ಕಡೆ ನೋಡಿದಳು.

ಜೈತೂನಬಿ ನಗುತ್ತಿದ್ದಳು.

"ನೋಡಿದೇನ್ ಪ್ರೇಮವ್ವಾ?" ಎಂದು ಸದ್ದು ಕೇಳಿ ಬಾಗಿಲಿಗೆ ಬಂದ ನೆರೆಮನೆಯವಳನ್ನು ಕರೆದಳು. "ಹಿಂದಿನ ಸಲ ಬರೇ ಅಳತಿದ್ಲು, ಹೆಣ್ಣಾತು. ಈ ಸಲ ಸಿಟ್ಟು ನೆತ್ತಿಗೇರೇತಿ. ಒಳಗ ಗಂಡುಕೂಸು ಐತಿ, ಬರದಿಟ್ಕೋ." ತಾನೇ ಬಟ್ಟೆ ತಂದು ಗೋಡೆ ಒರೆಸಿದಳು. "ನೀ ಕುಂದರವಾ ಶಾಹೀನ್. ಬಿಸಿ ಅನ್ನ ಹಾಕ್ಕೊಂಡು ಬರತೇನಿ."

ಬರೇ ಅಳುತ್ತಿದ್ದಳು. ಆ ಮಾತು ಶಾಹೀನ್‌ಳ ಮನಸ್ಸನ್ನು ಹಿಂದಕ್ಕೆ ಎಳೆಯಿತು. ನಾಲ್ಕು ವರ್ಷದ ಹಿಂದೆ, ಮಗಳು ಅಫ್ರೀನ್ ಹೊಟ್ಟೆಯಲ್ಲಿದ್ದಾಗ, ತವರೂರು ಕರ್ಜಗಿಯಲ್ಲಿ ಶಾಹೀನ್‌ಳ ತಂದೆ ಮಕ್ತುಮಸಾಬ ಹೊಲದಲ್ಲೇ ಕುಸಿದು ಸತ್ತಿದ್ದ. "ಬಸುರಿ ಹೆಣದ ಮುಖಾ ನೋಡಬಾರದು" ಎಂದು ಜೈತೂನಬಿ ಬಾಗಿಲಿಗೆ ಅಡ್ಡ ನಿಂತಳು. ನಯಾಜ ಒಬ್ಬನೇ ಹೋಗಿ ಮಣ್ಣು ಕೊಟ್ಟು ಬಂದ. ಅವಳು ವಾರಗಟ್ಟಲೆ ಅತ್ತಳು. ಆ ಕಣ್ಣೀರು ನೋಡಿಯೇ ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವಳ ಪಾಲಿನ ಹಾಲು ನಿಂತಿತು. ತವರಿಗೆ ಹೋಗಿ ಹಡೆದ ಮೇಲೆ ಮೂರು ತಿಂಗಳವರೆಗೆ ನಯಾಜ ಅತ್ತ ಸುಳಿಯಲಿಲ್ಲ. ಗಿರಣಿಯಲ್ಲಿ ಕೆಲಸ ಬಹಳ ಎಂದ. ಖಾರದ ಪುಡಿ ಬೀಸುವ ಅವನ ಗಿರಣಿಗೆ ಆಗ ಬೀಗ ಬಿದ್ದಿತ್ತೆಂಬುದು ಅವಳಿಗೆ ಆಮೇಲೆ ತಿಳಿಯಿತು.

ಬಿಸಿ ಅನ್ನ ಬಂತು. ಒಂದು ತುತ್ತು ಬಾಯಿಗಿಟ್ಟು, "ಉಪ್ಪಿಲ್ಲ" ಎಂದಳು. ಉಪ್ಪು ಸರಿಯಾಗಿಯೇ ಇತ್ತು. ಜೈತೂನಬಿ ಅಡುಗೆಮನೆಗೆ ಓಡಿದಳು.

ಅಂದಿನಿಂದ ಶಾಹೀನ್ ಒಂದೊಂದನ್ನೇ ತೀರಿಸಿಕೊಳ್ಳತೊಡಗಿದಳು. ಹಾಲು ಎರಡು ಲೋಟ ಬೇಕೆಂದಳು. ಒಂದನ್ನು ಅತ್ತೆಯ ಎದುರಿಗೇ ಅಫ್ರೀನ್‌ಗೆ ಕುಡಿಸಿದಳು. ಖಾರದ ಘಾಟಿಗೆ ವಾಂತಿ ಬರುತ್ತದೆಂದು ನಯಾಜನ ಹಾಸಿಗೆ ಪಡಸಾಲೆಗೆ ಹೋಯಿತು, ಅವನ ಬಟ್ಟೆ ಅವನೇ ಒಗೆದುಕೊಳ್ಳುವಂತಾಯಿತು. ಅತ್ತೆ ಕಲ್ಲಿನ ಮೇಲೆ ಅರೆದ ಚಟ್ನಿಯನ್ನು ಎರಡು ಸಲ ಚೆಲ್ಲಿ ಮೂರನೆಯ ಸಲ ಅರೆಸಿದಳು. ಮುದುಕಿಯ ಮೊಣಕೈ ನೋಯುವುದು ಗೊತ್ತಿತ್ತು. ಗೊತ್ತಿದ್ದೇ ಅರೆಸಿದಳು.

ಒಂದು ಶುಕ್ರವಾರ ನಯಾಜನ ಅಕ್ಕನ ಮನೆಯವರು ಊಟಕ್ಕೆ ಬಂದಿದ್ದರು. ಎಲ್ಲರೂ ಕುಳಿತಿರುವಾಗ ಶಾಹೀನ್ ಬಡಿಸುವುದನ್ನು ನಿಲ್ಲಿಸಿ, "ನಮ್ಮ ಅಬ್ಬಾನ ಮುಖಾ ನೋಡಾಕ ಬಿಡಲಿಲ್ಲ ಇವರು. ನಿಮಗ ಗೊತ್ತೈತೇನು?" ಎಂದಳು.

ತುತ್ತು ಎತ್ತಿದ ಕೈಗಳೆಲ್ಲ ನಿಂತವು. ಜೈತೂನಬಿ ಮಾತ್ರ ಮೆಲ್ಲಗೆ ನಕ್ಕಳು. "ಮನಸಿಗೆ ಹಚ್ಕೋಬ್ಯಾಡ್ರಿ. ಆಕಿ ಅಲ್ಲ, ಒಳಗಿನ ಗಂಡು ಮಾತಾಡಾಕತ್ತೈತಿ."

ಎಲ್ಲರೂ ನಕ್ಕರು. ಶಾಹೀನ್ ಸೌಟು ಹಿಡಿದು ನಿಂತೇ ಇದ್ದಳು. ನಾಲ್ಕು ವರ್ಷ ಕಟ್ಟಿಟ್ಟ ಮಾತನ್ನು ಕೊನೆಗೂ ಆಡಿದರೆ, ಅದೂ ಅವಳದಾಗಲಿಲ್ಲ.

ಎಂಟನೆಯ ತಿಂಗಳಲ್ಲಿ ರಾಣೇಬೆನ್ನೂರಿನ ಡಾಕ್ಟರಮ್ಮನ ಬಳಿ ಜೈತೂನಬಿ ಕೇಳಿಯೇಬಿಟ್ಟಳು. "ಇಷ್ಟು ಸಿಟ್ಟು ಅಂದ್ರ ಗಂಡುಕೂಸೇ ಅಲ್ರಿ?"

ಡಾಕ್ಟರಮ್ಮ ಬಿ.ಪಿ. ಪಟ್ಟಿ ಬಿಚ್ಚುತ್ತ, "ಹೆಣ್ಣೋ ಗಂಡೋ ನಾ ಹೇಳಂಗಿಲ್ರಿ, ಕಾಯ್ದೆ ಐತಿ. ಸಿಟ್ಟು, ಅಳು ನೋಡಿ ಯಾರಿಗೂ ಹೇಳಾಕ ಬರೂದಿಲ್ಲ" ಎಂದರು. ಆಮೇಲೆ ತಲೆಯೆತ್ತಿ, "ಸಿಟ್ಟು ಯಾಕ ಬರತೈತಿ ಅಂತ ಈಕಿನ್ನ ಕೇಳೀರೇನು?"

ಜೈತೂನಬಿ ಚೇಷ್ಟೆಯ ಮಾತೆಂಬಂತೆ ನಕ್ಕಳು. ಶಾಹೀನ್ ಬ್ಯಾಡಗಿಯಲ್ಲಿ ಬಸ್ಸಿಳಿಯುವವರೆಗೂ ಕಾದಳು. ಅತ್ತೆ ಕೇಳಲಿಲ್ಲ.

ಹೆಣ್ಣೇ ಆಗಲಿ ಎಂದು ಅವಳು ಪ್ರತಿ ನಮಾಜಿನಲ್ಲೂ ಬೇಡಿಕೊಂಡಿದ್ದಳು. ಅತ್ತೆಯ ಮುಖ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು. ಹುಟ್ಟಿದ್ದು ಗಂಡು.

ಜೈತೂನಬಿ ರಾಣೇಬೆನ್ನೂರಿನ ಆಸ್ಪತ್ರೆಯ ವಾರ್ಡಿನ ತುಂಬ ಪೇಡೆ ಹಂಚಿದಳು. "ನಾ ಹೇಳಿದ್ದಿಲ್ಲೇನು? ಇನ್ನ ಸಿಟ್ಟೆಲ್ಲ ಇಳೀತು. ಮೊದಲಿನ ಶಾಹೀನ್ ಆಗತಾಳ ನೋಡ್ರಿ."

ಅಷ್ಟರಲ್ಲಿ ನಯಾಜ ಬ್ಯಾಡಗಿಯಿಂದ ಏದುಸಿರು ಬಿಡುತ್ತ ಬಂದು ಕೈ ಚಾಚಿದ. ಶಾಹೀನ್ ಓಢಣಿಯನ್ನು ಕೂಸಿನ ಮುಖದ ಮೇಲೆ ಎಳೆದಳು.

"ಅಫ್ರೀನ್‌ನ ಮುಖಾ ಎಷ್ಟು ದಿನಕ್ಕ ನೋಡಿದ್ರಿ?"

"ಈಗ್ಯಾಕ ಅದೆಲ್ಲ?"

"ಮೂರು ತಿಂಗಳ ಮ್ಯಾಲೆ ಎರಡು ದಿನ. ಇವನ್ನೂ ಅಷ್ಟು ದಿನಕ್ಕ ನೋಡ್ರಿ."

ಅಕ್ಕಪಕ್ಕದ ಮಂಚದವರು ಇತ್ತ ತಿರುಗಿದರು. "ಇನ್ನೂ ಸಿಟ್ಟು ಇಳಿದಿಲ್ಲ ಈಕಿಗೆ" ಎಂದಳು ಜೈತೂನಬಿ. ಈಗ ಅವಳ ದನಿಯಲ್ಲಿ ನಗೆ ಇರಲಿಲ್ಲ.

"ಇಳಿದೈತ್ರಿ ಅತ್ತಿ. ಸಮಾಧಾನದಿಂದ ಹೇಳಾಕತ್ತೇನಿ. ಒಳಗ ಯಾರೂ ಇಲ್ಲ, ನಾನ ಹೇಳಾಕತ್ತೇನಿ."

ಬಾಣಂತನಕ್ಕೆ ಕರೆದೊಯ್ಯಲು ಬಂದಿದ್ದ ಅಣ್ಣ ಅಬ್ದುಲರಜಾಕ ತಂಗಿಯ ಪಕ್ಕ ಬಂದು ನಿಂತ. ನಯಾಜ ಅವನನ್ನು ನೋಡಿದ, ವಾರ್ಡಿನವರನ್ನು ನೋಡಿದ, ಚಾಚಿದ ಕೈಗಳನ್ನು ಕೆಳಗಿಳಿಸಿದ.

ಹದಿನೆಂಟನೆಯ ದಿನ ಮಧ್ಯಾಹ್ನ ಕರ್ಜಗಿಯ ತವರುಮನೆಯ ಮುಂದೆ ನಯಾಜನ ಬೈಕು ಬಂದು ನಿಂತಿತು.

"ಬಾಗಲಾ ತೆಗೀಲೇನು?" ಎಂದು ತಾಯಿ ಕೇಳಿದಳು.

"ಅಫ್ರೀನ್‌ನ ಕಳಸು. ಮಗಳನ್ನ ನೋಡಲಿ."

ಅಫ್ರೀನ್ ಹೊರಗೆ ಓಡಿದ ಕೂಡಲೆ ಬಾಗಿಲು ಮತ್ತೆ ಮುಚ್ಚಿತು. ನಯಾಜ ಅವಳನ್ನೆತ್ತಿ ಬೈಕಿನ ಮೇಲೆ ಕೂರಿಸಿದ. ಅಷ್ಟರಲ್ಲಿ ಒಳಗೆ ಕೂಸು ಎದ್ದು ಅಳತೊಡಗಿತು. ಅವನ ಕತ್ತು ತಟ್ಟನೆ ಮುಚ್ಚಿದ ಬಾಗಿಲ ಕಡೆ ತಿರುಗಿದ್ದು ಶಾಹೀನ್‌ಗೆ ಕಿಟಕಿಯಿಂದ ಕಂಡಿತು. ಅವಳು ಅವಸರ ಮಾಡಲಿಲ್ಲ. ಗೋಡೆಗೆ ಒರಗಿ ಕುಳಿತು, ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಅಳು ನಿಂತಿತು. ಹೊರಗೆ ಬಿಸಿಲಿನಲ್ಲಿ ನಯಾಜ, ಮಗಳ ತಲೆಯ ಮೇಲೆ ಒಂದು ಕೈಯಿಟ್ಟುಕೊಂಡು, ಬಾಗಿಲ ಕಡೆ ಕಿವಿ ಮಾಡಿ ಹಾಗೆಯೇ ನಿಂತಿದ್ದ.