ಚೆಂಡುಹೂವಿನ ಜ್ವರ

ನಲವತ್ತೆರಡು, ಪರದೆಯ ಮೂಲೆಯಲ್ಲಿ ಒಳಗಿನ ಬಿಸಿ ತೋರಿಸುವ ಹಸಿರು ಅಂಕಿ, ಈಗ ನಲವತ್ತಮೂರು, ಸುಮ್ಮನೆ ಕೂತ ಕಂಪ್ಯೂಟರಿಗೆ ಇಷ್ಟಾದರೂ ಕಾವು ಬೇಡವೇ, ಮೊನ್ನೆ ಏನೂ ಮಾಡದೆಯೇ ಎಪ್ಪತ್ತು ತೋರಿಸುತ್ತಿದ್ದ ಈ ಮಹಾರಾಯ — ಜಯದೇವಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಕೆಳಗೆ ಮೂಡಲಪಾಳ್ಯದ ರಸ್ತೆಯಲ್ಲಿ ದಂಟು, ಮೆಂತ್ಯ ಎಂದು ಕೂಗುತ್ತಿದ್ದಾಳೆ ಸೊಪ್ಪಿನವಳು, ಇರು ತಾಯಿ ಈಗ ಸೊಪ್ಪಲ್ಲ, ಒಂದೊಂದೇ ಕೆಲಸ ಹೇರಿ ನೋಡಬೇಕು, ಮೊದಲು ಇಂಟರ್ನೆಟ್, ಐವತ್ತು, ಆಮೇಲೆ ಫೋಟೋ ತಿದ್ದುವುದು, ಐವತ್ತೆಂಟು, ಪರವಾಗಿಲ್ಲ, ಉಳಿದದ್ದು ನಿಜವಾದ ಹೊರೆ, ಗಿರಾಕಿ ಕೆಂಚಪ್ಪನವರ ಮಗಳ ಮದುವೆಯ ವಿಡಿಯೊ, ಕತ್ತರಿಸಿ ಜೋಡಿಸಿದ್ದೆಲ್ಲ ಸೇರಿ ಒಂದೇ ಫೈಲ್ ಆಗಬೇಕು, ಹೋದ ವಾರ ಇದೇ ಕೆಲಸ ಕೊಟ್ಟಾಗಲೆಲ್ಲ ತೊಂಬತ್ತೆಂಟು ಮುಟ್ಟಿ ಪಕ್ಕನೆ ಆರಿಹೋಗುತ್ತಿತ್ತು, ಪ್ರೊಸೆಸರ್ ಹೋಗಿದೆ ಆಂಟಿ, ಹೊಸ ಸಿಸ್ಟಮ್ಮೇ ತಗೊಂಬಿಡಿ ಎಂದ ರಿಪೇರಿಯವನು, ನೆಗಡಿ ಬಂದರೆ ಮೂಗು ಕೊಯ್ಯುವ ಜಾತಿ, ಹೊಸದು ಎಲ್ಲಿಂದ ಬರಬೇಕು, ಇದು ಹೋದರೆ ಮತ್ತೆ ಬಾಪೂಜಿನಗರದ ಆ ಸ್ಟುಡಿಯೋ, ಕಿಟಕಿಯಿಲ್ಲದ ಕೋಣೆ, ಎರಡು ನಿಮಿಷ ಎದ್ದರೂ ಮೇಡಂ ಎಲ್ಲಿಗ್ ಹೊರಟ್ರಿ ಎನ್ನುವ ಮಾಲೀಕ, ಬೇಡಪ್ಪಾ ಬೇಡ, ಸ್ವಂತ ಮನೆಯ ಈ ಮೂಲೆ ಸಾಕು — ಈ ಜ್ವರವೆಲ್ಲ ಅತ್ತೆ ಅಂಜಮ್ಮನವರ ಭಕ್ತಿಯ ಫಲ, ಆಯುಧಪೂಜೆಯ ದಿನ ಅನ್ನ ಕೊಡೋ ಯಂತ್ರ ಕಣೇ ಇದು, ಸ್ಕೂಟರ್‌ಗಿಂತ ದೊಡ್ಡ ಹಾರ ಹಾಕ್ತೀನಿ ಎಂದು ಸಿಪಿಯು ನೆತ್ತಿಗೆ ಮೊಳಗಟ್ಟಲೆ ಚೆಂಡುಹೂ ಸುತ್ತಿದರು, ವಿಭೂತಿ ಎಳೆದರು, ದೇವರಿಗೆ ಹಾಕಿದ್ ಹೂ ಕೀಳ್ಬಾರ್ದು, ತಾನೇ ಉದುರ್ಲಿ ಬಿಡು, ಸರಿ, ಉದುರಿತು, ನೆತ್ತಿಯ ಜಾಲರಿಯೊಳಕ್ಕೇ ಉದುರಿತು, ಇವತ್ತು ಬೆಳಿಗ್ಗೆ ಸ್ಕ್ರೂ ಬಿಚ್ಚಿ ನೋಡಿದರೆ ಫ್ಯಾನಿನ ಬುಡದಲ್ಲಿ ಒಣಗಿದ ಎಸಳಿನ ಗುಪ್ಪೆ, ಗಾಳಿಯಾಡಲು ಸಂದಿಯಿಲ್ಲ, ಹಲ್ಲುಜ್ಜುವ ಬ್ರಷ್‌ನಲ್ಲಿ ಗೀರಿ ತೆಗೆಯುತ್ತಾ ಒಬ್ಬಳೇ ನಕ್ಕಳು, ನಗು ಅರ್ಧಕ್ಕೇ ನಿಂತಿತು, ಕಂಪ್ಯೂಟರ್ ಕೆಟ್ಟ ದಿನದಿಂದ ಅತ್ತೆ ಈ ಕೋಣೆಯ ಹೊಸಿಲು ದಾಟಿಲ್ಲ, ನನ್ ಕೈಗುಣಾನೇ ಸರಿಯಿಲ್ಲ ಎನ್ನುತ್ತಾ ಕಾಫಿಯನ್ನೂ ಬಾಗಿಲಲ್ಲೇ ಇಟ್ಟು ಹೋಗುತ್ತಾರೆ.

ಮದುವೆ ವಿಡಿಯೊದ ಗುಂಡಿ ಒತ್ತಿಬಿಟ್ಟಳು, ಆದದ್ದಾಗಲಿ, ಅರವತ್ತು, ಎಪ್ಪತ್ತು, ಅಯ್ಯೋ ನೆಟ್ಟಗೆ ಏರುತ್ತಿದೆಯಲ್ಲ, ಎಪ್ಪತ್ತಾರು, ಎಪ್ಪತ್ತೇಳು, ಎಪ್ಪತ್ತಾರು — ಇಳಿಯಿತೇ — ಎಪ್ಪತ್ತೇಳು, ಅಲ್ಲಲ್ಲೇ ಆಡುತ್ತಿದೆ, ಧಾರೆ ದಾಟಿತು, ಸಪ್ತಪದಿ ದಾಟಿತು, ಆರುತ್ತಿದ್ದ ಜಾಗವೆಲ್ಲ ದಾಟಿ ಊಟದ ಪಂಕ್ತಿಗೆ ಬಂತು, ಎಪ್ಪತ್ತಾರು, ಪ್ರೊಸೆಸರಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ, ಅಬ್ಬಾ ದೇವರೇ, ಯಾವ ಸ್ಟುಡಿಯೋಗೂ ಹೋಗಬೇಕಾಗಿಲ್ಲ, ಎದೆಯ ಮೇಲಿನ ಕಲ್ಲು ಇಳಿಯಿತು, ಅತ್ತೇ, ಬನ್ನಿ ಇಲ್ಲಿ, ಬೇಡ ಜಯಾ, ನಾನ್ ಬಂದ್ರೆ ಮತ್ತೇನಾದ್ರೂ ಆದೀತು, ಬನ್ನಿ ಅಂದ್ರೆ ಅತ್ತೆ, ಕೈ ಹಿಡಿದು ಎಳೆದು ತಂದೇ ತಂದಳು, ಸಿಪಿಯು ಬೆನ್ನಿಗೆ ಅವರ ಅಂಗೈ ಹಿಡಿಸಿದಳು, ಅಯ್ಯಯ್ಯೋ ಬಿಸಿಗಾಳಿ ಕಣೇ, ಮತ್ತೆ ಕೆಟ್ಟೋಯ್ತಾ, ಇಲ್ಲ ಅತ್ತೆ, ಒಳಗಿನ ಬಿಸಿಯೆಲ್ಲ ಆಚೆ ಬರ್ತಿದೆ, ಮೊನ್ನೆ ಬರೋಕೇ ದಾರಿ ಇರ್ಲಿಲ್ಲ, ಹೂ ಕಟ್ಕೊಂಡಿತ್ತು ಅಷ್ಟೇ, ಕೆಟ್ಟಿಲ್ಲ, ಏನೂ ಕೆಟ್ಟಿಲ್ಲ, ನಿಮ್ ಕೈಗುಣಕ್ಕೇನಾಗಿದೆ — ಇಷ್ಟು ದಿನ ತುಟಿ ಬಿಗಿದುಕೊಂಡು ಪಾತ್ರೆ ತಿಕ್ಕಿದ ಹೆಂಗಸು, ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ, ಅಳಲಿ, ಕೆಂಚಪ್ಪನವರಿಗೆ ಫೋನ್ ಮಾಡಬೇಕು, ಅಂಕಿ ಎಷ್ಟಾಯಿತೋ ನೋಡಬೇಕು, ನೋಡುತ್ತಿಲ್ಲ, ನೋಡುತ್ತಿರುವುದು ಆ ಅಂಗೈ, ಅರಿಶಿನ ಹತ್ತಿದ ಗೆರೆಗಳ ಅಂಗೈ, ಬಿಸಿಗಾಳಿಗೆ ಒಡ್ಡಿಕೊಂಡು ಹಾಗೇ ನಿಂತ, ಹಿಂದಕ್ಕೆ ತೆಗೆಯದ ಅಂಗೈ.