ತಾತ ತರಿಸಿದ ಹಾರ್ನೆಸ್

ಆನ್‌ಲೈನ್‌ನಲ್ಲಿ ಅಗ್ಗದ ಸಾಮಾನು ಕಂಡರೆ ಕೈ ತಡೆಯದವರು ಮನೆಗೊಬ್ಬರು ಇರುತ್ತಾರೆ. ಅಮೆರಿಕದ ಜಾನ್ಸ್ ಕ್ರೀಕ್‌ನ ಜಾನಕಿಯವರ ಮನೆಯಲ್ಲಿ ಅದು ಅವರ ಗಂಡ, ನಿವೃತ್ತ ಡಾಕ್ಟರ್ ಗುರುದತ್ತ. ಮೊಮ್ಮಗಳು ಮೇಧಾ ಶನಿವಾರ ನಾರ್ತ್ ಕೆರೊಲಿನಾಗೆ ಬಂಡೆ ಹತ್ತಲು ಹೊರಟಿದ್ದಳು. ಸೊಂಟಕ್ಕೂ ತೊಡೆಗೂ ಬಿಗಿದು ಹಗ್ಗಕ್ಕೆ ಸೇರಿಸುವ ಹಾರ್ನೆಸ್ ಒಂದನ್ನು ತಾತ ಅವಳಿಗೆ ತರಿಸಿದರು.

"ಯಾವ ಕಂಪನಿದು ರೀ ಇದು? ಹೆಸರೇ ಇಲ್ವಲ್ಲ!" ಎಂದರು ಜಾನಕಿ.

"ಫೈವ್ ಸ್ಟಾರ್ ರಿವ್ಯೂ ಇದೆ ಕಣೇ. ಎಲ್ಲಾದಕ್ಕೂ ಕೊಕ್ಕೆ ತೆಗೀಬೇಡ."

ವಾದಿಸಿ ಸಾಕಾದ ಜಾನಕಿ, ವರ್ಷಗಳಿಂದ ಬಂಡೆ ಹತ್ತುವ ಪಕ್ಕದ ಮನೆಯ ನಿಧಿಯನ್ನು ಕರೆದರು. ನಿಧಿ ಅದನ್ನು ತಿರುಗಿಸಿ ನೋಡಿದಳು.

"ಅಂಕಲ್, ಇದ್ರಲ್ಲಿ ಯುರೋಪಿನ ಸಿಇ ಮಾರ್ಕೂ ಇಲ್ಲ, ಪರ್ವತಾರೋಹಿಗಳ ಒಕ್ಕೂಟದ ಯುಐಎಎ ಮಾರ್ಕೂ ಇಲ್ಲ. ಟೆಸ್ಟ್ ಆಗಿದೆ ಅನ್ನೋಕೆ ಏನು ಗುರುತು?"

"ಸೇಫ್ ಇಲ್ದಿದ್ರೆ ಗವರ್ನಮೆಂಟ್ ಮಾರೋಕೆ ಬಿಡತ್ತೇನಮ್ಮಾ? ಇದು ಅಮೆರಿಕ!"

"ಪ್ರತಿಯೊಂದನ್ನೂ ಮುಂಚೇನೇ ಅವರು ಚೆಕ್ ಮಾಡಲ್ಲ ಅಂಕಲ್. ನೋಡಿ ತಗೋಬೇಕಾದೋರು ನಾವೇ."

"ಈಗ ನೋಡು!" ಎಂದು ಗುರುದತ್ತ ಗ್ಯಾರೇಜಿನ ಕಂಬಿಗೆ ಹಾರ್ನೆಸ್ ಕಟ್ಟಿ ಎರಡು ಅಕ್ಕಿ ಚೀಲ ತೂಗುಹಾಕಿದರು. ಕೈ ಬಿಡುವಷ್ಟರಲ್ಲಿ ಮುಂಭಾಗದ ಕುಣಿಕೆಯ ಹೊಲಿಗೆ ಪರ್ರೆಂದು ಹರಿಯಿತು. ನೆಲದ ತುಂಬ ಅಕ್ಕಿ. ಮೇಧಾಳ ತೂಕ ಆ ಚೀಲಗಳಿಗಿಂತ ಹೆಚ್ಚು.

"ಹರೀದೇ ಇದ್ದಿದ್ರೂ ನಂಬೋ ಹಾಗಿರ್ಲಿಲ್ಲ," ಎಂದಳು ನಿಧಿ. "ಬೀಳುವಾಗಿನ ಜಗ್ಗು ಇದಕ್ಕಿಂತ ಎಷ್ಟೋ ಜಾಸ್ತಿ."

ಜಾನಕಿ ಹರಿದ ಕುಣಿಕೆಯನ್ನು ಗಂಡನ ಮುಂದೆ ಹಿಡಿದರು. "ಲೇಬಲ್ ಇಲ್ಲದ ಇಂಜೆಕ್ಷನ್ ಪೇಷೆಂಟಿಗೆ ಚುಚ್ತಿದ್ರಾ ನೀವು? ಮೊಮ್ಮಗಳಿಗಾದ್ರೆ ನಡೆಯತ್ತಾ?"

ಗುರುದತ್ತ ಮೆಟ್ಟಿಲ ಮೇಲೆ ಕೂತು, ಹಣ ವಾಪಸ್ ಕೊಡಿ ಎಂದು ಮಾರಿದವನಿಗೆ ಫೋನಿನಲ್ಲಿ ಬರೆದರು.

ಮಾರಿದವನು "ಬಳಸಿದ ಮಾಲು ವಾಪಸ್ ಇಲ್ಲ" ಎಂದು ಉತ್ತರ ಬರೆದ. ಈಗ ಸಿಟ್ಟಾಗುವ ಸರದಿ ಡಾಕ್ಟರದು. ನಿಧಿ ಹೇಳಿದಂತೆ ಹರಿದ ಹೊಲಿಗೆಯ ಫೋಟೋ, ಬಿಲ್ಲು ಇಟ್ಟು ಕ್ರೆಡಿಟ್ ಕಾರ್ಡ್ ಕಂಪನಿಯಲ್ಲಿ ತಕರಾರು ಹಾಕಿದರು. ಸರ್ಕಾರದ ಸೇಫರ್‌ಪ್ರಾಡಕ್ಟ್ಸ್ ಡಾಟ್ ಗವ್ ತಾಣದಲ್ಲಿ ದೂರನ್ನೂ ಕೊಟ್ಟರು. ಹಣವೇನೋ ಬಂತು. ಹಾರ್ನೆಸ್ ಇಲ್ಲದೆ ಶನಿವಾರದ ಪ್ರವಾಸ ಮಾತ್ರ ತಪ್ಪಿತು. "ನಾಟ್ ಫೇರ್, ತಾತಾ!" ಎಂದು ಮೇಧಾ ಮುನಿಸಿಕೊಂಡಳು.

ಮುಂದಿನ ವಾರ ಕ್ಲೈಂಬಿಂಗ್ ಅಂಗಡಿಯಲ್ಲಿ ಗುರುದತ್ತ ಕನ್ನಡಕ ಏರಿಸಿ ಹೊಸ ಹಾರ್ನೆಸ್ಸಿನ ಲೇಬಲ್ಲನ್ನು ಓದಿದರು, ಮತ್ತೆ ಓದಿದರು.

"ಸಾಕು ಬನ್ನಿ ರೀ, ಅಂಗಡಿ ಮುಚ್ತಾರೆ!"

"ಇರೇ, ತಯಾರಾದ ವರ್ಷ ನೋಡ್ತಿದ್ದೀನಿ."

ನೀವೂ ನೋಡಿ. ಹಗ್ಗವಿರಲಿ, ಕೊಂಡಿಯಿರಲಿ, ಮಾರ್ಕಿಲ್ಲದ್ದು ಬೇಡ. ಯಾರು ಹೇಗೆ ಬಳಸಿದ್ದೋ ಗೊತ್ತಿಲ್ಲದ ಹಳೆಯದೂ ಬೇಡ. ಕೊಳ್ಳುವ ಮುಂಚೆ ಕಂಪನಿ ಆ ಮಾಲನ್ನು ವಾಪಸ್ ಕರೆಸಿಕೊಂಡಿದೆಯೇ ಎಂದು ಹುಡುಕಿ. ಹರಿದದ್ದನ್ನು ಕಸಕ್ಕೆ ಎಸೆದು ಸುಮ್ಮನಾಗಬೇಡಿ, ದೂರು ಕೊಡಿ. ಅದೇ ಹಾರ್ನೆಸ್ ಇನ್ನೊಂದು ಮನೆಯ ಮಗುವಿಗೂ ಪಾರ್ಸೆಲ್ ಆಗುತ್ತಿರಬಹುದು.